ಕಿರ್ದಿ ಒಂದು, ಖಾತೆ ಎರಡು: ಡೇಟಾಬೇಸ್ ರಿಪ್ಲಿಕೇಷನ್ ಒಳಗೆ ನಡೆಯುವುದೇನು?

ಹಳೆಯ ಮಂಡಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ, ಇನ್ನೊಂದು ಖಾತೆ. ವ್ಯವಹಾರ ಆದ ತಕ್ಷಣ ಗುಮಾಸ್ತ ಅದನ್ನು ಕಿರ್ದಿಯಲ್ಲಿ ಬರೆಯುತ್ತಿದ್ದ. ಇಂಥವರಿಗೆ ಎರಡು ಮೂಟೆ ಬೆಲ್ಲ, ಇಂಥವರಿಂದ ಐನೂರು ರೂಪಾಯಿ ಜಮೆ. ಸಾಲು ಸಾಲಾಗಿ, ನಡೆದ ಕ್ರಮದಲ್ಲೇ. ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಕೂತು, ಪ್ರತಿ ಸಾಲನ್ನೂ ಆಯಾ ಗಿರಾಕಿಯ ಖಾತೆಗೆ ಇಳಿಸುತ್ತಿದ್ದ. ಖಾತೆಗೆ ಇಳಿಸುವುದು ಸ್ವಲ್ಪ ತಡವಾದರೆ ಚಿಂತೆ ಇರಲಿಲ್ಲ. ಕಿರ್ದಿಯಲ್ಲಿ ಬರೆಯುವುದು ಮಾತ್ರ ತಡ ಆಗುವಂತಿರಲಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಳಗೆ ನಡೆಯುವುದು ಹೆಚ್ಚುಕಡಿಮೆ ಇದೇ. ಪ್ರೈಮರಿ (ಬರೆಯುವ ಮುಖ್ಯ ಸರ್ವರ್) ಮತ್ತು ಸ್ಟ್ಯಾಂಡ್‌ಬೈ (ಅದರ ನಕಲನ್ನು ಸಿದ್ಧವಾಗಿ ಇಟ್ಟುಕೊಂಡ ಸರ್ವರ್) ನಡುವಿನ ರಿಪ್ಲಿಕೇಷನ್, ಅಂದರೆ ಡೇಟಾ ನಕಲಿಸುತ್ತಲೇ ಇರುವ ಕೆಲಸ, ಕೂಡ ಇದರ ಮುಂದುವರಿಕೆ ಅಷ್ಟೇ. ಇನ್ನೊಂದು ಊರಿನ ಅಂಗಡಿಯಲ್ಲಿ ಇನ್ನೊಬ್ಬ ಗುಮಾಸ್ತ ಫೋನ್ ಹಿಡಿದು ಕೂತಿದ್ದಾನೆ. ಇಲ್ಲಿನ ಕಿರ್ದಿಯ ಪ್ರತಿ ಸಾಲನ್ನೂ ಕೇಳಿಸಿಕೊಂಡು ತನ್ನ ಕಿರ್ದಿಯಲ್ಲಿ ಬರೆದುಕೊಳ್ಳುತ್ತಾನೆ. ಆಮೇಲೆ ತನ್ನ ಖಾತೆಗೆ ಇಳಿಸುತ್ತಾನೆ. ಎರಡನೆಯ ಅಂಗಡಿಗೆ ಹೋಗುತ್ತಿರುವುದು ಖಾತೆ ಅಲ್ಲ, ಕಿರ್ದಿ. ಇದೊಂದು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಬಂದವರು ಸೆಟಿಂಗ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನು ನೋಡಿದ್ದೇನೆ. ಅದು ಬೇಡ. ಯಾವುದೇ ಸೆಟಿಂಗ್ ಎದುರಾದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಕಿರ್ದಿಗೆ ಏನು ಮಾಡುತ್ತದೆ? ಅಂದಹಾಗೆ, ಇಲ್ಲಿ ಕಮಾಂಡ್‌ಗಳನ್ನೂ ಫೈಲ್‌ಗಳ ಹೆಸರನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿಕೊಳ್ಳಿ.

ಪೋಸ್ಟ್‌ಗ್ರೆಸ್‌ನ ಕಿರ್ದಿ

ಪೋಸ್ಟ್‌ಗ್ರೆಸ್‌ನಲ್ಲಿ ಕಿರ್ದಿಯ ಹೆಸರು ವಾಲ್. ರೈಟ್ ಅಹೆಡ್ ಲಾಗ್ ಎಂಬುದರ ಚಿಕ್ಕ ರೂಪ ಅದು. ಡೇಟಾ ಫೈಲ್‌ಗಿಂತ ಮೊದಲು ಬರೆಯುವ ಲಾಗ್ ಎಂದು ಅರ್ಥ. ನೀವು ಒಂದು ಟೇಬಲ್‌ನಲ್ಲಿ ಒಬ್ಬರ ಫೋನ್ ನಂಬರ್ ಬದಲಿಸಿ ಕಮಿಟ್ ಮಾಡಿದಿರಿ, ಅಂದರೆ ಬದಲಾವಣೆಯನ್ನು ಖಾಯಂ ಮಾಡಿದಿರಿ ಎನ್ನಿ. ಆ ಕ್ಷಣ ಡಿಸ್ಕಿಗೆ ಖಚಿತವಾಗಿ ಇಳಿಯುವುದು ವಾಲ್‌ನ ಸಾಲು ಮಾತ್ರ. ಆ ಟೇಬಲ್‌ನ 8 ಕೆಬಿ ಪುಟ ಇನ್ನೂ ಮೆಮೊರಿಯಲ್ಲೇ ಇರಬಹುದು. ಅದು ಆಮೇಲೆ, ಚೆಕ್‌ಪಾಯಿಂಟ್ ಎಂಬ ಕೆಲಸ ನಡೆದಾಗ, ನಿಧಾನವಾಗಿ ಡಿಸ್ಕಿಗೆ ಹೋಗುತ್ತದೆ. ಮಧ್ಯೆ ಕರೆಂಟು ಹೋದರೆ? ಸರ್ವರ್ ಮತ್ತೆ ಎದ್ದಾಗ ಕೊನೆಯ ಚೆಕ್‌ಪಾಯಿಂಟ್‌ನಿಂದ ಮುಂದಿನ ವಾಲ್ ಓದಿ ಪುಟಗಳನ್ನು ಸರಿಮಾಡಿಕೊಳ್ಳುತ್ತದೆ.

ವಾಲ್ 16 ಎಂಬಿಯ ಫೈಲ್‌ಗಳಾಗಿ ಪಿಜಿ_ವಾಲ್ ಎಂಬ ಫೋಲ್ಡರ್‌ನಲ್ಲಿ ಕೂರುತ್ತದೆ. ಅದರ ಪ್ರತಿ ಸಾಲಿಗೂ ಒಂದು ವಿಳಾಸ ಇದೆ, ಅದಕ್ಕೆ ಎಲ್‌ಎಸ್‌ಎನ್ ಎನ್ನುತ್ತಾರೆ. ಕಿರ್ದಿಯ ಇಷ್ಟನೇ ಪುಟ, ಇಷ್ಟನೇ ಸಾಲು ಅಂದ ಹಾಗೆ. ಎಲ್‌ಎಸ್‌ಎನ್ ಯಾವಾಗಲೂ ಮುಂದಕ್ಕೇ ಹೋಗುತ್ತದೆ. ಎರಡು ಸರ್ವರ್‌ಗಳಲ್ಲಿ ಯಾರು ಎಷ್ಟು ಹಿಂದೆ ಇದ್ದಾರೆ ಅಂತ ಅಳೆಯುವುದು ಈ ಎರಡು ವಿಳಾಸಗಳ ನಡುವಿನ ಅಂತರದಿಂದಲೇ.

ವಾಲ್ ಮೊದಲು ಬಂದದ್ದು 2001ರ 7.1 ಆವೃತ್ತಿಯಲ್ಲಿ, ಕುಸಿದ ಸರ್ವರ್ ತಾನೇ ಚೇತರಿಸಿಕೊಳ್ಳಲಿ ಅಂತ. ಕರೆಂಟು ಹೋದಾಗ ಕಿರ್ದಿ ಓದಿ ಖಾತೆ ಸರಿಮಾಡಿಕೊಳ್ಳಬಹುದಾದರೆ, ಅದೇ ಕಿರ್ದಿಯನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು ಸದಾ ಓದಿಸುತ್ತಲೇ ಇರಬಹುದಲ್ವಾ? ಮೊದಮೊದಲು 16 ಎಂಬಿ ಫೈಲ್ ತುಂಬಿದ ಮೇಲೆ ಅದನ್ನು ಇಡಿಯಾಗಿ ಕಾಪಿ ಮಾಡಿ ಕಳಿಸಬೇಕಿತ್ತು. 2010ರಲ್ಲಿ ಬಂದ 9.0 ಆವೃತ್ತಿಯಿಂದ ಸಾಲು ಹುಟ್ಟಿದ ಹಾಗೆಯೇ ನೆಟ್‌ವರ್ಕ್ ಮೇಲೆ ಹರಿಯತೊಡಗಿತು. ಸ್ಟ್ಯಾಂಡ್‌ಬೈ ಮೇಲೆ ಓದುವ ಕ್ವೆರಿ ನಡೆಸುವ ಅವಕಾಶವೂ ಅದೇ ಆವೃತ್ತಿಯಲ್ಲಿ ಬಂತು. ಅಂದರೆ ಸ್ಟ್ಯಾಂಡ್‌ಬೈ ಎನ್ನುವುದು ಮುಗಿಯದ ಚೇತರಿಕೆಯಲ್ಲಿರುವ ಸರ್ವರ್. ಅದಕ್ಕೇ ಸ್ಟ್ಯಾಂಡ್‌ಬೈಯಲ್ಲಿ ಪಿಜಿ_ಈಸ್_ಇನ್_ರಿಕವರಿ ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ.

ವಾಲ್ ಸಾಲುಗಳು ಹೇಳುವುದು "ಇಂಥ ಫೈಲ್‌ನ ಇಂಥ ಪುಟದಲ್ಲಿ ಇಂಥ ಬೈಟ್‌ಗಳನ್ನು ಬದಲಿಸು" ಎಂಬ ಭಾಷೆಯಲ್ಲಿ. ಆದ್ದರಿಂದ ಎರಡೂ ಕಡೆ ಪುಟಗಳ ರಚನೆ ಒಂದೇ ಇರಬೇಕು. 15ನೇ ಆವೃತ್ತಿಯ ಪ್ರೈಮರಿಗೆ 16ನೇ ಆವೃತ್ತಿಯ ಸ್ಟ್ಯಾಂಡ್‌ಬೈ ಜೋಡಿಸಲು ಆಗುವುದಿಲ್ಲ. ಒಂದೇ ಟೇಬಲ್ ಕಳಿಸುತ್ತೇನೆ ಅಂದರೂ ಆಗುವುದಿಲ್ಲ, ಇಡೀ ಸರ್ವರ್ ಹೋಗುತ್ತದೆ. ಟೇಬಲ್ ಆರಿಸಿ ಕಳಿಸಬೇಕಾದವರಿಗೆ 2017ರ 10ನೇ ಆವೃತ್ತಿಯಿಂದ ಲಾಜಿಕಲ್ ರಿಪ್ಲಿಕೇಷನ್ ಇದೆ. ಅದರ ದಾರಿಯೇ ಬೇರೆ.

ಇಲ್ಲಿ ಕಣ್ಣಿಗೆ ಬೀಳದ ಒಂದು ಅಪಾಯ ಇದೆ. ಬೇಗ ಹುಡುಕಲೆಂದು ಅನುಕ್ರಮವಾಗಿ ಜೋಡಿಸಿಟ್ಟ ಪಟ್ಟಿ, ಅಂದರೆ ಇಂಡೆಕ್ಸ್ ಕೂಡ ಬೈಟ್‌ಗೆ ಬೈಟ್ ಕಾಪಿ ಆಗುತ್ತದೆ. ಆದರೆ ಅಕ್ಷರಗಳ ಅನುಕ್ರಮ ಯಾವುದು, ಯಾವ ಪದ ಮೊದಲು ಯಾವುದು ಆಮೇಲೆ ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳಿ ತಿಳಿದುಕೊಳ್ಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಅನುಕ್ರಮ ದೊಡ್ಡದಾಗಿ ಬದಲಾಯಿತು. ಪ್ರೈಮರಿ ಹಳೆಯ ಲಿನಕ್ಸ್ ಮೇಲೆ, ಸ್ಟ್ಯಾಂಡ್‌ಬೈ ಹೊಸ ಲಿನಕ್ಸ್ ಮೇಲೆ ಇದ್ದರೆ, ಸ್ಟ್ಯಾಂಡ್‌ಬೈಯಲ್ಲಿ ಹೆಸರು ಹುಡುಕಿದಾಗ ಇರುವ ಹೆಸರೂ ಸಿಗದೆ ಹೋಗಬಹುದು. ಯಾವ ಎರರ್ ಕೂಡ ಬರುವುದಿಲ್ಲ. ಹಾಗಾಗಿ ಎರಡೂ ಯಂತ್ರಗಳ ಆಪರೇಟಿಂಗ್ ಸಿಸ್ಟಮ್ ಒಂದೇ ಆವೃತ್ತಿಯದ್ದಾಗಿರಲಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಎರಡು ಯಂತ್ರ ಜೋಡಿಸುವುದು

ಪ್ರೈಮರಿಯ ವಿಳಾಸ 10.0.0.11, ಸ್ಟ್ಯಾಂಡ್‌ಬೈ 10.0.0.12 ಅಂದುಕೊಳ್ಳೋಣ.

ಪ್ರೈಮರಿಯಲ್ಲಿ ಮಾಡುವ ಕೆಲಸ ಈಗ ಬಹಳ ಕಡಿಮೆ. ವಾಲ್_ಲೆವೆಲ್ ಎಂಬುದು ರೆಪ್ಲಿಕಾ ಎಂದಿರಬೇಕು, ಮ್ಯಾಕ್ಸ್_ವಾಲ್_ಸೆಂಡರ್ಸ್ ಸೊನ್ನೆಗಿಂತ ಜಾಸ್ತಿ ಇರಬೇಕು. 10ನೇ ಆವೃತ್ತಿಯಿಂದ ಇವೆರಡೂ ಮೊದಲೇ ಸರಿಯಾಗಿರುತ್ತವೆ, ಸೆಂಡರ್‌ಗಳ ಸಂಖ್ಯೆ 10. ಲಿಸನ್_ಅಡ್ರೆಸಸ್ ಮಾತ್ರ ಲೋಕಲ್‌ಹೋಸ್ಟ್‌ಗೆ ಸೀಮಿತವಾಗಿರುತ್ತದೆ. ಅದಕ್ಕೆ 10.0.0.11 ಸೇರಿಸಿ ಸರ್ವರ್ ರೀಸ್ಟಾರ್ಟ್ ಮಾಡಬೇಕು.

ನಂತರ ರಿಪ್ಲಿಕೇಷನ್ ಹಕ್ಕು ಇರುವ ಒಂದು ಯೂಸರ್ ಬೇಕು. ಸೂಪರ್‌ಯೂಸರ್ ಕೊಡಬೇಡಿ. ಕಿರ್ದಿ ಕೇಳಿಸಿಕೊಳ್ಳುವವನಿಗೆ ಗಲ್ಲಾಪೆಟ್ಟಿಗೆಯ ಕೀಲಿ ಯಾಕೆ? ಆ ಯೂಸರ್ 10.0.0.12ರಿಂದ ಬರಬಹುದು ಎಂದು ಪಿಜಿ_ಎಚ್‌ಬಿಎ.ಕಾನ್ಫ್ ಫೈಲ್‌ನಲ್ಲಿ ಒಂದು ಸಾಲು ಬರೆಯಬೇಕು. ಡೇಟಾಬೇಸ್ ಹೆಸರಿನ ಜಾಗದಲ್ಲಿ ರಿಪ್ಲಿಕೇಷನ್ ಎಂಬ ಪದವೇ ಇರಬೇಕು. "ಆಲ್" ಎಂದು ಬರೆದರೆ ಎಲ್ಲ ಡೇಟಾಬೇಸ್‌ಗಳೂ ಸೇರುತ್ತವೆ, ಆದರೆ ರಿಪ್ಲಿಕೇಷನ್ ಸೇರುವುದಿಲ್ಲ. ಈ ಒಂದು ಪದಕ್ಕಾಗಿ ಅರ್ಧ ದಿನ ಫೈರ್‌ವಾಲ್ ತಡಕಾಡಿದವರು ಎಷ್ಟೋ ಜನ.

ಈಗ ಮುಖ್ಯ ಪ್ರಶ್ನೆ. ಎರಡನೆಯ ಗುಮಾಸ್ತ ಇವತ್ತಿನಿಂದ ಕಿರ್ದಿ ಬರೆದುಕೊಳ್ಳಬಹುದು. ಆದರೆ ಇಷ್ಟು ವರ್ಷದ ಖಾತೆ? ಅದನ್ನು ಒಮ್ಮೆ ಇಡಿಯಾಗಿ ಜೆರಾಕ್ಸ್ ಮಾಡಿ ಒಯ್ಯಬೇಕು. ಕಷ್ಟ ಏನೆಂದರೆ ಜೆರಾಕ್ಸ್ ಮಾಡುವಾಗ ಅಂಗಡಿ ಮುಚ್ಚುವಂತಿಲ್ಲ. ಒಂದನೇ ಪುಟ ಹತ್ತು ಗಂಟೆಗೆ ಕಾಪಿ ಆಯಿತು, ಇನ್ನೂರನೇ ಪುಟ ಹನ್ನೊಂದಕ್ಕೆ. ಆ ಒಂದು ಗಂಟೆಯಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಣ ಹೋಗಿದ್ದರೆ, ಕಾಪಿಯಲ್ಲಿ ಹಣ ಎರಡೂ ಕಡೆ ಕಾಣಬಹುದು, ಅಥವಾ ಎರಡೂ ಕಡೆ ಕಾಣದೇ ಹೋಗಬಹುದು.

ಪೋಸ್ಟ್‌ಗ್ರೆಸ್ ಇದನ್ನು ಬಿಡಿಸಿದ ರೀತಿ ನನಗೆ ಇವತ್ತಿಗೂ ಬಹಳ ಇಷ್ಟ. ಕಾಪಿ ಶುರುವಾಗುವ ಮುನ್ನ ಕಿರ್ದಿಯ ಯಾವ ಸಾಲಿನಲ್ಲಿ ಇದ್ದೇವೆ ಎಂದು ಗುರುತು ಹಾಕಿಕೊಳ್ಳುತ್ತದೆ. ಕಾಪಿ ಹೇಗೆ ಬೇಕೋ ಹಾಗೆ, ಅಡ್ಡಾದಿಡ್ಡಿಯಾಗಿ ಆಗಲಿ, ಚಿಂತೆ ಇಲ್ಲ. ಕೊನೆಗೆ ಆ ಗುರುತಿನಿಂದ ಹಿಡಿದು ಕಾಪಿ ಮುಗಿದ ಸಾಲಿನವರೆಗಿನ ಕಿರ್ದಿಯನ್ನು ಕಾಪಿಯ ಮೇಲೆ ಮತ್ತೆ ಇಳಿಸಿದರೆ ಎಲ್ಲ ಪುಟಗಳೂ ಒಂದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಲೆಕ್ಕ ಸರಿಹೋಗುತ್ತದೆ. ಈ ಕೆಲಸ ಮಾಡುವ ಕಮಾಂಡ್ ಪಿಜಿ_ಬೇಸ್‌ಬ್ಯಾಕಪ್.

ಅದನ್ನು ಸ್ಟ್ಯಾಂಡ್‌ಬೈ ಯಂತ್ರದಲ್ಲಿ ಓಡಿಸಬೇಕು. ಅಲ್ಲಿನ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಡೇಟಾ ಫೋಲ್ಡರ್ ಖಾಲಿ ಮಾಡಿ, ಪೋಸ್ಟ್‌ಗ್ರೆಸ್ ಯೂಸರ್ ಆಗಿಯೇ ಓಡಿಸಿ. ಜೊತೆಗೆ ಕೊಡಬೇಕಾದ ಆಯ್ಕೆಗಳಲ್ಲಿ ರೈಟ್-ರಿಕವರಿ-ಕಾನ್ಫ್ ಎಂಬುದನ್ನು ಮರೆಯಬೇಡಿ. ಅದು ಸ್ಟ್ಯಾಂಡ್‌ಬೈ.ಸಿಗ್ನಲ್ ಎಂಬ ಖಾಲಿ ಫೈಲ್ ಇಟ್ಟು, ಪ್ರೈಮರಿಯ ವಿಳಾಸವನ್ನೂ ತಾನೇ ಬರೆದಿಡುತ್ತದೆ. ಆ ಖಾಲಿ ಫೈಲ್ ಇದ್ದರೆ ಮಾತ್ರ ಸರ್ವರ್ "ನಾನು ಸ್ಟ್ಯಾಂಡ್‌ಬೈ" ಎಂದು ತಿಳಿಯುತ್ತದೆ. ಇಲ್ಲದಿದ್ದರೆ ಸ್ವತಂತ್ರ ಪ್ರೈಮರಿಯಾಗಿ ಎದ್ದು ನಿಂತುಬಿಡುತ್ತದೆ. 2019ರ 12ನೇ ಆವೃತ್ತಿಗೆ ಮೊದಲು ಈ ಜಾಗದಲ್ಲಿ ರಿಕವರಿ.ಕಾನ್ಫ್ ಎಂಬ ಫೈಲ್ ಇತ್ತು. ಹಳೆಯ ಬರಹ ನೋಡಿ ಅದನ್ನು ಈಗಿನ ಆವೃತ್ತಿಯಲ್ಲಿ ಇಟ್ಟರೆ ಸರ್ವರ್ ಏಳುವುದೇ ಇಲ್ಲ.

ಚೆಕ್‌ಪಾಯಿಂಟ್ ಆಯ್ಕೆಯನ್ನು ಫಾಸ್ಟ್ ಎಂದು ಕೊಡಿ. ಕಾಪಿ ಶುರುವಾಗುವ ಮುನ್ನ ಪ್ರೈಮರಿ ಒಂದು ಚೆಕ್‌ಪಾಯಿಂಟ್ ಮುಗಿಸಬೇಕು. ಸಾಮಾನ್ಯವಾಗಿ ಅದು ನಿಧಾನವಾಗಿ ನಡೆಯುತ್ತದೆ, ಹಲವು ನಿಮಿಷ ಹಿಡಿಯಬಹುದು. ಅಷ್ಟೂ ಹೊತ್ತು ನಿಮ್ಮ ಪರದೆ ಸುಮ್ನೆ ನಿಂತಿರುತ್ತದೆ. ಈ ಮೌನ ಎಂಥ ಅನಾಹುತಕ್ಕೆ ಕಾರಣವಾಗಬಹುದು ಎಂಬುದನ್ನು ಮುಂದೆ ಹೇಳುತ್ತೇನೆ.

ಕಾಪಿ ಮುಗಿದ ಮೇಲೆ ಸ್ಟ್ಯಾಂಡ್‌ಬೈ ಸ್ಟಾರ್ಟ್ ಮಾಡಿ. ಪ್ರೈಮರಿಯಲ್ಲಿ ಪಿಜಿ_ಸ್ಟ್ಯಾಟ್_ರಿಪ್ಲಿಕೇಷನ್ ನೋಡಿದರೆ ಒಂದು ಸಾಲು ಕಾಣಬೇಕು, ಸ್ಥಿತಿ ಸ್ಟ್ರೀಮಿಂಗ್ ಎಂದಿರಬೇಕು. ಒಂದು ಸಣ್ಣ ಟೇಬಲ್ ಮಾಡಿ ನೋಡಿ. ಪ್ರೈಮರಿಯಲ್ಲಿ ಮಾಡಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕಡೆ ಕಾಣುತ್ತದೆ. ಮೊದಲ ಸಲ ನೋಡಿದಾಗ ಆಗುವ ಖುಷಿಯೇ ಬೇರೆ.

ಕಿರ್ದಿಯಲ್ಲಿ ಇಲ್ಲದ್ದು ಆ ಕಡೆ ಹೋಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯೂಸರ್‌ಗಳು, ಪಾಸ್‌ವರ್ಡ್‌ಗಳು ಡೇಟಾಬೇಸ್ ಒಳಗೇ ಇರುವುದರಿಂದ ಹೋಗುತ್ತವೆ. ಕಾನ್ಫಿಗ್ ಫೈಲ್‌ಗಳಲ್ಲಿ ಆಮೇಲೆ ಮಾಡಿದ ಬದಲಾವಣೆ ಹೋಗುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಆ ಫೈಲ್‌ಗಳು ಡೇಟಾ ಫೋಲ್ಡರ್‌ನ ಹೊರಗೆ ಇರುವುದರಿಂದ ಮೊದಲ ಕಾಪಿಯಲ್ಲೂ ಬರುವುದಿಲ್ಲ. ನಿಗದಿತ ಹೊತ್ತಿಗೆ ತಾವಾಗಿ ಓಡುವ ಕ್ರಾನ್ ಕೆಲಸಗಳು ಬರುವುದಿಲ್ಲ. ಅನ್‌ಲಾಗ್ಡ್ ಎಂದು ಮಾಡಿದ ಟೇಬಲ್‌ಗಳ ಒಳಗಿನ ಡೇಟಾ ಬರುವುದಿಲ್ಲ. ಹೆಸರೇ ಹೇಳುವಂತೆ ಅವು ಕಿರ್ದಿಗೆ ಬರೆಯದ ಟೇಬಲ್‌ಗಳು.

ಕಿರ್ದಿಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಪ್ರೈಮರಿಗೆ ತನ್ನ ಹಳೆಯ ವಾಲ್ ಫೈಲ್‌ಗಳಿಂದ ಏನೂ ಆಗಬೇಕಾಗಿಲ್ಲ. ಚೆಕ್‌ಪಾಯಿಂಟ್ ಆದ ಮೇಲೆ ಅವನ್ನು ಅಳಿಸುತ್ತದೆ, ಇಲ್ಲವೇ ಹೆಸರು ಬದಲಿಸಿ ಮರುಬಳಕೆ ಮಾಡುತ್ತದೆ. ಸ್ಟ್ಯಾಂಡ್‌ಬೈ ಎರಡು ಗಂಟೆ ನಿಂತಿತ್ತು ಎನ್ನಿ. ಮತ್ತೆ ಎದ್ದು "ನನಗೆ ಇಂಥ ಸಾಲಿನಿಂದ ಕೊಡಿ" ಎಂದು ಕೇಳಿದಾಗ ಆ ಪುಟವನ್ನೇ ಹರಿದು ಹಾಕಿ ಆಗಿರಬಹುದು. ಆಗ ಮತ್ತೆ ಮೊದಲಿನಿಂದ ಜೆರಾಕ್ಸ್.

ಇದಕ್ಕೆ ಪರಿಹಾರವಾಗಿ 2014ರ 9.4ರಲ್ಲಿ ರಿಪ್ಲಿಕೇಷನ್ ಸ್ಲಾಟ್ ಬಂತು. ಸ್ಲಾಟ್ ಅಂದರೆ ಪ್ರೈಮರಿ ಇಟ್ಟುಕೊಳ್ಳುವ ಒಂದು ಗುರುತು: "ಈ ಸ್ಟ್ಯಾಂಡ್‌ಬೈ ಇಲ್ಲಿಯವರೆಗೆ ಓದಿದೆ, ಇದರ ಮುಂದಿನದ್ದನ್ನು ಅಳಿಸಬೇಡ." ಪಿಜಿ_ಬೇಸ್‌ಬ್ಯಾಕಪ್ ಓಡಿಸುವಾಗಲೇ ಕ್ರಿಯೇಟ್-ಸ್ಲಾಟ್ ಎಂಬ ಆಯ್ಕೆ ಕೊಟ್ಟು, ಸ್ಲಾಟ್‌ಗೆ ಒಂದು ಹೆಸರಿಟ್ಟರೆ ಸಾಕು.

ಆದರೆ ಸ್ಲಾಟ್ ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಅದೇ ಅದರ ಗುಣ, ಅದೇ ಅದರ ಅಪಾಯ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಒಂದು ಹಳೆಯ ಸ್ಟ್ಯಾಂಡ್‌ಬೈಯನ್ನು ಶುಕ್ರವಾರ ಸಂಜೆ ತೆಗೆದುಹಾಕಿದೆವು. ಯಂತ್ರ ಹೋಯಿತು, ಪ್ರೈಮರಿಯಲ್ಲಿ ಅದರ ಹೆಸರಿನ ಸ್ಲಾಟ್ ಉಳಿಯಿತು. ಇನ್ನೆಂದೂ ಬಾರದ ಸ್ಟ್ಯಾಂಡ್‌ಬೈಗಾಗಿ ಪ್ರೈಮರಿ ಪ್ರತಿ ಸಾಲನ್ನೂ ಕೂಡಿಡುತ್ತಾ ಹೋಯಿತು. ಭಾನುವಾರ ನಸುಕಿನಲ್ಲಿ ಡಿಸ್ಕ್ ತುಂಬಿ ಪ್ರೈಮರಿಯೇ ನಿಂತಿತು. ಕರೆ ಬಂದಾಗ ನಾನು ಮೊದಲು ನೋಡಿದ್ದು ಪಿಜಿ_ವಾಲ್ ಫೋಲ್ಡರ್. ಒಂದೇ ಥರದ 24 ಅಕ್ಷರಗಳ ಹೆಸರಿನ ಸಾವಿರಾರು ಫೈಲ್‌ಗಳು, ಎಲ್ಲವೂ 16 ಎಂಬಿ. ಕೈ ಅಳಿಸುವ ಕಮಾಂಡಿನ ಕಡೆಗೇ ಹೋಗುತ್ತದೆ. ಆ ಕೈ ತಡೆಯಬೇಕು. ಅಲ್ಲಿಂದ ಒಂದು ತಪ್ಪು ಫೈಲ್ ಹೋದರೆ ಪ್ರೈಮರಿ ಮತ್ತೆ ಏಳದೇ ಇರಬಹುದು. ಡಿಸ್ಕಿಗೆ ಸ್ವಲ್ಪ ಜಾಗ ಸೇರಿಸಿ, ಸರ್ವರ್ ಎಬ್ಬಿಸಿ, ಆ ಅನಾಥ ಸ್ಲಾಟ್ ತೆಗೆದು, ಒಂದು ಚೆಕ್‌ಪಾಯಿಂಟ್ ಮಾಡಿಸಿದೆವು. ಪೋಸ್ಟ್‌ಗ್ರೆಸ್ ತಾನಾಗಿಯೇ ಫೋಲ್ಡರ್ ಖಾಲಿ ಮಾಡಿತು.

13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಬಹುದು. ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಎಂಬ ಸೆಟಿಂಗ್. ಮೊದಲಿಗೆ ಅದರಲ್ಲಿ ಮಿತಿಯೇ ಇರುವುದಿಲ್ಲ, ನೀವೇ ಹಾಕಬೇಕು. 200 ಜಿಬಿ ಡಿಸ್ಕಿನಲ್ಲಿ 50 ಜಿಬಿ ಎಂದು ಹಾಕಿದರೆ, ಅದನ್ನು ದಾಟಿದ ಮೇಲೆ ಪ್ರೈಮರಿ ಆ ಸ್ಟ್ಯಾಂಡ್‌ಬೈಯ ಕೈ ಬಿಡುತ್ತದೆ. ಸ್ಟ್ಯಾಂಡ್‌ಬೈ ಮತ್ತೆ ಕಟ್ಟಬೇಕಾಗುತ್ತದೆ, ಆದರೆ ಪ್ರೈಮರಿ ಉಳಿಯುತ್ತದೆ. ಎರಡರಲ್ಲಿ ಯಾವುದು ಮುಖ್ಯ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ದಯವಿಟ್ಟು ಈ ಮಿತಿ ಹಾಕಿ.

ಹಿಂದೆ ಬಿದ್ದಿದೆ ಅಂದರೆ, ಎಲ್ಲಿ?

ಒಂದು ಕಿರ್ದಿ ಸಾಲು ಆ ಕಡೆಯ ಖಾತೆ ಸೇರುವ ಮೊದಲು ನಾಲ್ಕು ಮೆಟ್ಟಿಲು ಹತ್ತುತ್ತದೆ. ಪ್ರೈಮರಿ ಕಳಿಸಿತು. ಸ್ಟ್ಯಾಂಡ್‌ಬೈಯ ಆಪರೇಟಿಂಗ್ ಸಿಸ್ಟಮ್ ಕೈಗೆ ಬಂತು. ಡಿಸ್ಕಿಗೆ ಭದ್ರವಾಗಿ ಇಳಿಯಿತು. ಕೊನೆಗೆ ಪುಟಗಳಿಗೆ ಅನ್ವಯವಾಯಿತು. ಪಿಜಿ_ಸ್ಟ್ಯಾಟ್_ರಿಪ್ಲಿಕೇಷನ್‌ನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಎಲ್‌ಎಸ್‌ಎನ್ ಇರುತ್ತದೆ: ಸೆಂಟ್, ರೈಟ್, ಫ್ಲಶ್, ರಿಪ್ಲೇ. ಸುಮ್ನೆ "ಲ್ಯಾಗ್ ಜಾಸ್ತಿ ಇದೆ" ಎಂದರೆ ಸಾಲದು, ಎಲ್ಲಿ ಎಂದು ನೋಡಬೇಕು. ಸೆಂಟ್‌ಗೂ ಫ್ಲಶ್‌ಗೂ ನಡುವೆ ಅಂತರ ಇದ್ದರೆ ನೆಟ್‌ವರ್ಕ್ ಅಥವಾ ಆ ಕಡೆಯ ಡಿಸ್ಕ್ ನಿಧಾನ. ಫ್ಲಶ್ ಮುಂದಿದ್ದು ರಿಪ್ಲೇ ಹಿಂದಿದ್ದರೆ ಕಿರ್ದಿ ಬಂದಿದೆ, ಖಾತೆಗೆ ಇಳಿಸುವುದು ಬಾಕಿ. ಡೇಟಾ ಕಳೆದುಹೋಗುವ ಭಯ ಅಲ್ಲಿ ಇಲ್ಲ.

ಸ್ಟ್ಯಾಂಡ್‌ಬೈಯಲ್ಲೇ ಕೊನೆಯ ಟ್ರಾನ್ಸಾಕ್ಷನ್ ಯಾವ ಸಮಯದ್ದು ಎಂದು ಕೇಳಿ, ಈಗಿನ ಸಮಯದಿಂದ ಕಳೆದು ಲ್ಯಾಗ್ ಲೆಕ್ಕ ಹಾಕುವ ಪದ್ಧತಿಯೂ ಇದೆ. ರಾತ್ರಿ ಯಾರೂ ಏನೂ ಬರೆಯದಿದ್ದಾಗ ಅದು ಒಂದು ಗಂಟೆ, ಎರಡು ಗಂಟೆ ಎಂದು ಏರುತ್ತಲೇ ಹೋಗುತ್ತದೆ. ನಿಜಕ್ಕೂ ಹಿಂದೆ ಬಿದ್ದಿರುವುದಿಲ್ಲ, ಬರೆಯಲು ಏನೂ ಇರಲಿಲ್ಲ ಅಷ್ಟೇ. ಅಲಾರಂ ಕಟ್ಟುವಾಗ ಬೈಟ್‌ಗಳ ಅಂತರವನ್ನೂ ಜೊತೆಗೆ ನೋಡಿ.

ಇನ್ನು, ಪ್ರೈಮರಿ ಗಿರಾಕಿಗೆ "ಆಯ್ತು" ಎಂದು ಹೇಳುವುದು ಯಾವಾಗ? ಇದೇ ಸಿಂಕ್ರೊನಸ್, ಅಸಿಂಕ್ರೊನಸ್ ಪ್ರಶ್ನೆ. ಮೊದಲಿಗೆ ಇರುವುದು ಅಸಿಂಕ್ರೊನಸ್. ತನ್ನ ಡಿಸ್ಕಿಗೆ ಬರೆದ ಕೂಡಲೇ ಆಯ್ತು ಎನ್ನುತ್ತದೆ, ಆ ಕಡೆ ತಲುಪಿತೋ ಇಲ್ಲವೋ ಕಾಯುವುದಿಲ್ಲ. ಸಿಂಕ್ರೊನಸ್_ಕಮಿಟ್ ಎಂಬ ಸೆಟಿಂಗ್ ಮೊದಲಿಂದಲೂ ಆನ್ ಇರುವುದನ್ನು ನೋಡಿ ಬಹಳ ಜನ ಮೋಸ ಹೋಗುತ್ತಾರೆ. ಸಿಂಕ್ರೊನಸ್_ಸ್ಟ್ಯಾಂಡ್‌ಬೈ_ನೇಮ್ಸ್ ಖಾಲಿ ಇರುವವರೆಗೆ ಆ ಆನ್ ಎಂಬುದರ ಅರ್ಥ ಸ್ವಂತ ಡಿಸ್ಕ್ ಮಾತ್ರ.

ಹೆಸರು ತುಂಬಿದ ಮೇಲೆ ಪ್ರತಿ ಕಮಿಟ್ ಆ ಕಡೆಯ ಡಿಸ್ಕ್ ಮುಟ್ಟಿ ಬರುವವರೆಗೆ ಕಾಯುತ್ತದೆ. ಇದಕ್ಕೆ ಬೆಲೆ ಇದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರು–ಮುಂಬೈ ನಡುವೆ ಕೇಬಲ್ ದಾರಿ 1000 ಕಿಲೋಮೀಟರ್ ಎಂದು ಹಿಡಿದರೂ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಸರ್ವರ್ ಕೊಂಡರೂ ಇದು ಕಡಿಮೆಯಾಗುವುದಿಲ್ಲ. ಒಂದೇ ಊರಿನ ಎರಡು ಡೇಟಾ ಸೆಂಟರ್ ನಡುವೆ ಸಿಂಕ್ರೊನಸ್, ದೂರದ ಊರಿಗೆ ಅಸಿಂಕ್ರೊನಸ್ ಇಡುವುದು ಇದಕ್ಕೇ.

ಇನ್ನೊಂದು ವಿಷಯ. ಸಿಂಕ್ರೊನಸ್ ಸ್ಟ್ಯಾಂಡ್‌ಬೈ ಒಂದೇ ಇದ್ದು ಅದು ಬಿದ್ದರೆ, ಪ್ರೈಮರಿಯ ಕಮಿಟ್‌ಗಳೆಲ್ಲ ಅದಕ್ಕಾಗಿ ಕಾಯುತ್ತಾ ನಿಲ್ಲುತ್ತವೆ. ಭದ್ರತೆಗೆ ಅಂತ ಇಟ್ಟ ಯಂತ್ರವೇ ಅಂಗಡಿ ಬಾಗಿಲು ಹಾಕಿಸುತ್ತದೆ. ಹಾಗಾಗಿ ಕನಿಷ್ಠ ಎರಡು ಸ್ಟ್ಯಾಂಡ್‌ಬೈ ಇಟ್ಟು, "ಇಬ್ಬರಲ್ಲಿ ಯಾರಾದರೂ ಒಬ್ಬರು ಬರೆದುಕೊಂಡರೆ ಸಾಕು" ಎಂದು ಹೇಳಬೇಕು. 10ನೇ ಆವೃತ್ತಿಯಿಂದ ಎನಿ 1 ಎಂದು ಬರೆದು ಎರಡು ಹೆಸರು ಕೊಟ್ಟರೆ ಅದೇ ಅರ್ಥ.

ಸ್ಟ್ಯಾಂಡ್‌ಬೈಯಿಂದ ರಿಪೋರ್ಟ್ ತೆಗೆಯುವವರಿಗೆ ಒಂದು ಮಾತು. ಹತ್ತು ನಿಮಿಷದ ಕ್ವೆರಿ ಓಡುತ್ತಿರುವಾಗ, ಅದು ನೋಡುತ್ತಿರುವ ಹಳೆಯ ಸಾಲುಗಳನ್ನು ಪ್ರೈಮರಿ ವ್ಯಾಕ್ಯೂಮ್ ಮಾಡಿ ಗುಡಿಸಿದರೆ, ಆ ಗುಡಿಸಿದ ಸುದ್ದಿಯೂ ಕಿರ್ದಿಯಲ್ಲಿ ಬರುತ್ತದೆ. ಸ್ಟ್ಯಾಂಡ್‌ಬೈ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಕ್ವೆರಿಯನ್ನು ಕೊಲ್ಲುತ್ತದೆ. ಕಾಯುವ ಸಮಯ ಹೆಚ್ಚಿಸಿದರೆ ಸ್ಟ್ಯಾಂಡ್‌ಬೈ ಹಿಂದೆ ಬೀಳುತ್ತದೆ. ಈ ಸಾಲುಗಳನ್ನು ಇನ್ನೂ ಗುಡಿಸಬೇಡ ಎಂದು ಪ್ರೈಮರಿಗೆ ತಿಳಿಸುವ ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಆನ್ ಮಾಡಿದರೆ ಪ್ರೈಮರಿಯಲ್ಲಿ ಕಸ ಉಳಿಯುತ್ತದೆ. ರಿಪೋರ್ಟ್‌ಗೆ ಒಂದು, ಆಪತ್ತಿಗೆ ಒಂದು ಅಂತ ಬೇರೆ ಬೇರೆ ಸ್ಟ್ಯಾಂಡ್‌ಬೈ ಇಡುವುದು ನನ್ನ ಆಯ್ಕೆ.

2017ರ ಜನವರಿ 31

ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆ ಆ ದಿನ ತನಗೆ ಆದ ಅನಾಹುತವನ್ನು ಮುಚ್ಚಿಡದೆ ಎಲ್ಲರಿಗೂ ಬರೆದು ಹೇಳಿತು. ದುರಸ್ತಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು ಕೂಡ. ಅದಕ್ಕಾಗಿ ಅವರ ಮೇಲೆ ನನಗೆ ತುಂಬ ಗೌರವ.

ಅಂದು ಅವರ ಪ್ರೈಮರಿ ಮೇಲೆ ಹೊರೆ ಹೆಚ್ಚಿ ಸ್ಟ್ಯಾಂಡ್‌ಬೈ ಹಿಂದೆ ಬಿತ್ತು. ಅದಕ್ಕೆ ಬೇಕಾದ ವಾಲ್ ಅಷ್ಟರಲ್ಲಿ ಪ್ರೈಮರಿಯಲ್ಲಿ ಅಳಿದುಹೋಗಿತ್ತು. ಸ್ಟ್ಯಾಂಡ್‌ಬೈಯ ಫೋಲ್ಡರ್ ಖಾಲಿ ಮಾಡಿ ಮತ್ತೆ ಪಿಜಿ_ಬೇಸ್‌ಬ್ಯಾಕಪ್ ಓಡಿಸಿದರು. ಕಮಾಂಡ್ ಏನೂ ಹೇಳದೆ ಸುಮ್ಮನೆ ನಿಂತಿತು. ಪ್ರೈಮರಿ ಡೇಟಾ ಕಳಿಸಲು ಶುರುಮಾಡುವವರೆಗೆ ಅದು ಹಾಗೇ ಕಾಯುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಹಿಂದಿನ ಪ್ರಯತ್ನದ ಫೈಲ್‌ಗಳು ಉಳಿದು ತೊಂದರೆ ಕೊಡುತ್ತಿರಬಹುದು ಎಂದುಕೊಂಡು ಒಬ್ಬ ಎಂಜಿನಿಯರ್ ಡೇಟಾ ಫೋಲ್ಡರ್ ಅಳಿಸಿದರು. ರಾತ್ರಿ ಹೊತ್ತು, ಎರಡು ಟರ್ಮಿನಲ್, ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಅಳಿಸಿದ್ದು ಪ್ರೈಮರಿಯಲ್ಲಿ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇತ್ತಲ್ವಾ? ಇರಲಿಲ್ಲ. ಡೇಟಾಬೇಸ್ 9.6, ಬ್ಯಾಕಪ್ ತೆಗೆಯುತ್ತಿದ್ದ ಪಿಜಿ_ಡಂಪ್ 9.2. ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು, ಯಾರಿಗೂ ತಿಳಿದಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ) ಅವರನ್ನು ಕಾಪಾಡಿತು. ಆ ಆರು ಗಂಟೆಯ ಡೇಟಾ ಹೋಯಿತು.

ಸ್ಟ್ಯಾಂಡ್‌ಬೈ ಬ್ಯಾಕಪ್ ಅಲ್ಲ. ಪ್ರೈಮರಿಯಲ್ಲಿ ಯಾರೋ ತಪ್ಪಿ ಒಂದು ಟೇಬಲ್ ಅಳಿಸಿದರೆ, ಆ ಅಳಿಸಿದ ಸಾಲೂ ಕಿರ್ದಿಯಲ್ಲಿ ಹೋಗಿ ಕ್ಷಣದಲ್ಲಿ ಆ ಕಡೆಯೂ ಅಳಿಯುತ್ತದೆ. ಎರಡನೆಯ ಗುಮಾಸ್ತ ಹೇಳಿದ್ದನ್ನು ಬರೆಯುತ್ತಾನೆ, ಸರಿಯೋ ತಪ್ಪೋ ಕೇಳುವುದಿಲ್ಲ. ಯಂತ್ರ ಕೆಟ್ಟರೆ ಸ್ಟ್ಯಾಂಡ್‌ಬೈ ಕಾಯುತ್ತದೆ. ಮನುಷ್ಯ ಎಡವಿದರೆ ಕಾಯುವುದು ಬ್ಯಾಕಪ್ ಮತ್ತು ಬೇರೆಡೆ ಕೂಡಿಟ್ಟ ವಾಲ್. ಎರಡೂ ಬೇಕು.

ಸ್ಟ್ಯಾಂಡ್‌ಬೈಗೆ ಬಡ್ತಿ

ಪ್ರೈಮರಿ ಬಿದ್ದಾಗ ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡುವುದು ಒಂದೇ ಕಮಾಂಡಿನ ಕೆಲಸ, ಪಿಜಿ_ಪ್ರಮೋಟ್. ಆ ಕ್ಷಣದಿಂದ ಅದು ಹೊಸ ಕಿರ್ದಿ ಪುಸ್ತಕ ತೆರೆಯುತ್ತದೆ. ಟೈಮ್‌ಲೈನ್ ಸಂಖ್ಯೆ ಒಂದು ಹೆಚ್ಚುತ್ತದೆ. ವಾಲ್ ಫೈಲ್ ಹೆಸರಿನ ಮೊದಲ ಎಂಟು ಅಕ್ಷರ ಅದೇ ಸಂಖ್ಯೆ.

ಕಷ್ಟ ಇರುವುದು ಪ್ರೈಮರಿ ನಿಜಕ್ಕೂ ಬಿದ್ದಿದೆಯೇ ಎಂದು ತೀರ್ಮಾನಿಸುವುದರಲ್ಲಿ. 2018ರ ಅಕ್ಟೋಬರ್ 21ರಂದು ಗಿಟ್‌ಲ್ಯಾಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಹಬ್‌ನಲ್ಲಿ ನೆಟ್‌ವರ್ಕ್ ಕೇವಲ 43 ಸೆಕೆಂಡ್ ಕಡಿದಿತ್ತು. ಅವರದ್ದು ಮೈಎಸ್‌ಕ್ಯೂಎಲ್ ಎಂಬ ಬೇರೆ ಡೇಟಾಬೇಸ್, ಆದರೆ ಪಾಡು ಒಂದೇ. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಅಮೆರಿಕದ ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಬಡ್ತಿ ಕೊಟ್ಟಿತು. ಪೂರ್ವದಲ್ಲಿ ಬರೆದಿದ್ದ ಕೆಲವು ಸೆಕೆಂಡುಗಳ ಡೇಟಾ ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಹೊಸದು ಬರೆಯಲು ಶುರುವಾಗಿತ್ತು. ಎರಡು ಅಂಗಡಿ, ಎರಡು ಬೇರೆ ಕಿರ್ದಿ, ಎರಡೂ ನಿಜ. ಸರಿಮಾಡಲು 24 ಗಂಟೆ 11 ನಿಮಿಷ ಹಿಡಿಯಿತು.

ಪೋಸ್ಟ್‌ಗ್ರೆಸ್ ತಾನಾಗಿ ಬಡ್ತಿ ಕೊಡುವುದಿಲ್ಲ. ಅದಕ್ಕೆ ಪಟ್ರೋನಿಯಂಥ ಹೊರಗಿನ ಉಪಕರಣ ಬೇಕು. ಪಟ್ರೋನಿಯ ಜೊತೆ ಸಾಮಾನ್ಯವಾಗಿ, ನಾಯಕ ಯಾರು ಎಂಬುದನ್ನು ಬರೆದಿಡುವ ಇಟಿಸಿಡಿ ಎಂಬ ವ್ಯವಸ್ಥೆ ಮೂರು ಯಂತ್ರಗಳಲ್ಲಿ ಇರುತ್ತದೆ, ಇಬ್ಬರು ಒಪ್ಪಿದರೆ ಮಾತ್ರ ನಾಯಕ ಬದಲಾಗುತ್ತಾನೆ. ಎರಡೇ ಯಂತ್ರ ಇರುವಲ್ಲಿ ಸ್ವಯಂಚಾಲಿತ ಬಡ್ತಿ ಬೇಡ ಎಂದು ನಾನು ಹೇಳುತ್ತೇನೆ. ಇಬ್ಬರ ನಡುವೆ ಮಾತು ನಿಂತರೆ ಯಾರು ಸತ್ತರು ಎಂದು ಹೇಳಲು ಮೂರನೆಯವರಿಲ್ಲ. ಮನುಷ್ಯನೇ ನೋಡಿ, ಹಳೆಯ ಪ್ರೈಮರಿಯನ್ನು ಖಂಡಿತವಾಗಿ ನಿಲ್ಲಿಸಿ, ಆಮೇಲೆ ಬಡ್ತಿ ಕೊಡಲಿ.

ಹಳೆಯ ಪ್ರೈಮರಿಯನ್ನು ಹೊಸದಕ್ಕೆ ಸ್ಟ್ಯಾಂಡ್‌ಬೈ ಮಾಡಬೇಕಾದರೆ ಅದು ಹೆಚ್ಚಾಗಿ ಬರೆದ ಸಾಲುಗಳನ್ನು ಹಿಂದೆ ಸುತ್ತಬೇಕು. ಪಿಜಿ_ರಿವೈಂಡ್ ಇರುವುದು ಅದಕ್ಕೆ. ಡೇಟಾ ಚೆಕ್‌ಸಮ್ ಅಥವಾ ವಾಲ್_ಲಾಗ್_ಹಿಂಟ್ಸ್ ಎಂಬ ಸೆಟಿಂಗ್ ಮೊದಲೇ ಆನ್ ಆಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇವತ್ತೇ ನೋಡಿಕೊಳ್ಳಿ.

ಆಪತ್ತು ಬರುವವರೆಗೆ ಕಾಯದೆ, ಮೂರು ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲೇ ಪಾತ್ರ ಅದಲುಬದಲು ಮಾಡಿ ನೋಡುವ ಅಭ್ಯಾಸ ನಮ್ಮ ತಂಡದಲ್ಲಿದೆ. ಅಪ್ಲಿಕೇಷನ್ ನಿಲ್ಲಿಸಿ, ಪ್ರೈಮರಿಯನ್ನು ಕ್ರಮವಾಗಿ ಶಟ್‌ಡೌನ್ ಮಾಡುತ್ತೇವೆ. ಹಾಗೆ ನಿಲ್ಲುವಾಗ ಅದು ಜೋಡಿಕೊಂಡಿರುವ ಸ್ಟ್ಯಾಂಡ್‌ಬೈಗೆ ಕೊನೆಯ ಸಾಲಿನವರೆಗೂ ಕಳಿಸಿಯೇ ನಿಲ್ಲುತ್ತದೆ. ಸ್ಟ್ಯಾಂಡ್‌ಬೈಗೆ ಬಡ್ತಿ ಕೊಟ್ಟು, ಹಿಂದಿನ ಪ್ರೈಮರಿಯಲ್ಲಿ ಸ್ಟ್ಯಾಂಡ್‌ಬೈ.ಸಿಗ್ನಲ್ ಫೈಲ್ ಇಟ್ಟು, ಹೊಸ ವಿಳಾಸ ಬರೆದು ಎಬ್ಬಿಸುತ್ತೇವೆ. ರಿವೈಂಡ್ ಬೇಕಾಗುವುದಿಲ್ಲ. ಮೊದಲ ಸಲ ಮಾಡಿದಾಗ ಪಿಜಿ_ಎಚ್‌ಬಿಎ.ಕಾನ್ಫ್‌ನಲ್ಲಿ ಎದುರು ದಿಕ್ಕಿನ ಸಾಲು ಬರೆದಿರಲಿಲ್ಲ ಎಂಬುದು ಗೊತ್ತಾಯಿತು. ಎರಡನೆಯ ಸಲ ಕ್ರಾನ್ ಕೆಲಸಗಳು ಹಳೆಯ ಯಂತ್ರದಲ್ಲೇ ಉಳಿದಿದ್ದು ಗೊತ್ತಾಯಿತು.

ಹಾಗೆ ಬದಲಿಸಿದ ಮರುದಿನ ಲೆಕ್ಕಪತ್ರದವರು ಫೋನ್ ಮಾಡಬಹುದು: ಬಿಲ್ ಸಂಖ್ಯೆ 4101 ಆದ ಮೇಲೆ ನೇರ 4134 ಬಂದಿದೆ, ಮಧ್ಯದ ಬಿಲ್‌ಗಳು ಎಲ್ಲಿ? ಯಾವ ಬಿಲ್ಲೂ ಹೋಗಿಲ್ಲ. ಇಂಥ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ನ ಪ್ರತಿ ಸಂಖ್ಯೆಯನ್ನೂ ಪೋಸ್ಟ್‌ಗ್ರೆಸ್ ಕಿರ್ದಿಯಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಾಗ ಮುಂದಿನ 32 ಸಂಖ್ಯೆಗಳನ್ನೂ ಸೇರಿಸಿಯೇ ಬರೆದಿಡುತ್ತದೆ. ಸ್ಟ್ಯಾಂಡ್‌ಬೈಗೆ ಗೊತ್ತಿರುವುದು ಕಿರ್ದಿಯಲ್ಲಿ ಇರುವ ಸಂಖ್ಯೆ ಮಾತ್ರ, ಆದ್ದರಿಂದ ಬಡ್ತಿ ಸಿಕ್ಕ ಮೇಲೆ ಅಲ್ಲಿಂದ ಮುಂದಕ್ಕೆ ಎಣಿಸುತ್ತದೆ. ಬಡ್ತಿಯ ಹಿಂದಿನ ದಿನವೇ ಲೆಕ್ಕಪತ್ರದವರಿಗೆ ಒಂದು ಮಾತು ತಿಳಿಸಿಡಿ.